ಮಲ್ಪೆಯ ಉಪ್ಪುಗಾಳಿ, ಯೆಜ್ಡಿಯ ಕ್ರೋಮ್ ರಿಮ್: ಮೂರು ಮಳೆಗಾಲ ಬಳಸಿದ ಮೆಟಲ್ ಪಾಲಿಶ್

ನನ್ನ ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕಿನ ಚಕ್ರಗಳಿಗೆ ಟ್ಯೂಬಿನಲ್ಲಿ ಬರುವ ಮೆಟಲ್ ಪಾಲಿಶ್ ಹಚ್ಚಲು ಶುರು ಮಾಡಿ ಮೂರು ಮಳೆಗಾಲ ಕಳೆದವು. ಹೊಳಪಿನ ವಿಷಯದಲ್ಲಿ ದೂರಿಲ್ಲ. ಆದರೆ ಟ್ಯೂಬಿನ ಮೇಲೆ ‘ರಕ್ಷಣೆ’ ಎಂದೂ ಅಚ್ಚು ಹಾಕಿದ್ದಾರೆ. ನನ್ನ ತಕರಾರು ಆ ಒಂದು ಮಾತಿನದು.

ನಮ್ಮ ಮನೆ ಮಲ್ಪೆಯ ಕಡಲಿಗೆ ಹತ್ತಿರ. ಉಪ್ಪುಗಾಳಿಗೆ ಗೇಟಿನ ಚಿಲಕವೇ ಎರಡು ವರ್ಷ ಬಾಳುವುದಿಲ್ಲ. ಮೊದಲ ವರ್ಷ ಮೇ ಕೊನೆಯಲ್ಲಿ ರಿಮ್‌ಗಳನ್ನು ಮುಖ ಕಾಣುವಂತೆ ಉಜ್ಜಿಟ್ಟೆ. ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿಯುವ ಹೊತ್ತಿಗೆ, ಸ್ಪೋಕ್‌ಗಳನ್ನು ರಿಮ್‌ಗೆ ಬಿಗಿಯುವ ನಿಪ್ಪಲ್‌ಗಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ಕರುಳು ಚುರುಕ್ಕೆಂದಿತು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಮೂಲ ರಿಮ್ ಕೆಟ್ಟರೆ ಅಂಥದ್ದು ಇನ್ನೊಂದು ಸುಲಭವಾಗಿ ಸಿಗುವುದಿಲ್ಲ.

ಕ್ರೋಮ್ ಲೇಪನದ ಕೆಲಸದಲ್ಲಿ ತಲೆ ನರೆತ ಒಬ್ಬರಿಗೆ ತೋರಿಸಿದೆ. “ಉಜ್ಜುವುದು ಬೇರೆ, ಮುಚ್ಚುವುದು ಬೇರೆ ಮಾರಾಯರೇ” ಎಂದರು. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳುವಂತೆ. ಉಕ್ಕನ್ನು ನಿಜವಾಗಿ ಕಾಯುವುದು ಅದರಡಿಯ ನಿಕ್ಕಲ್. ಕಣ್ಣಿಗೆ ಕಾಣದ ಬಿರುಕುಗಳಲ್ಲಿ ನೀರು ಇಳಿದರೆ ತುಕ್ಕು ಒಳಗಿನಿಂದ ಏಳುತ್ತದೆ. ಪಾಲಿಶ್ ಎಂದರೆ ನುಣ್ಣನೆಯ ಕಣಗಳಿಂದ ಸವೆಸುವುದೇ ಆದ್ದರಿಂದ, ನಾನು ವಾರವಾರ ಉಜ್ಜುತ್ತಿದ್ದದ್ದೂ ತಪ್ಪು.

ಈಗ ಪೇಸ್ಟ್ ವರ್ಷಕ್ಕೆ ಎರಡೇ ಸಲ: ಮಳೆಗೆ ಮುಂಚೆ, ಆಯುಧಪೂಜೆಗೆ ಮುಂಚೆ. ಬಿಸಿಲೇರುವ ಮೊದಲು ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಮರಳು ಹೋಗುವಂತೆ ಎರಡು ಬಕೆಟ್ ನೀರಿನಲ್ಲಿ ತೊಳೆಯುತ್ತೇನೆ. ತುಕ್ಕಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನೀರಿಗದ್ದಿ ಮೆಲ್ಲಗೆ ತಿಕ್ಕಿದರೆ ಸಾಕು. ಅದು ಕ್ರೋಮ್‌ಗಿಂತ ಮೆದು. ಆಮೇಲೆ ಹಳೆಯ ಬನಿಯನ್ ಬಟ್ಟೆಯನ್ನು ಬೆರಳಿಗೆ ಸುತ್ತಿ, ಹೆಸರುಕಾಳಿನಷ್ಟು ಪೇಸ್ಟ್ ತೆಗೆದುಕೊಂಡು, ಸ್ಪೋಕ್‌ಗಳ ಸಂದಿಯಲ್ಲಿ ಒಂದೊಂದೇ ಗೇಣು ಉಜ್ಜುತ್ತೇನೆ. ಬಟ್ಟೆ ಕಪ್ಪಾಗುತ್ತಾ ಹೋದಂತೆ ರಿಮ್‌ನಲ್ಲಿ ಅಂಗಳದ ತೆಂಗಿನಮರ ಮೂಡುತ್ತದೆ. ಆ ಒಂದು ಗಂಟೆಯನ್ನು ನಾನು ಯಾವುದಕ್ಕೂ ಬಿಟ್ಟುಕೊಡುವುದಿಲ್ಲ.

ಕೊನೆಗೆ ಹಲ್ಲುಜ್ಜುವ ಹಳೆಯ ಬ್ರಷ್ ಹಿಡಿದು ನಿಪ್ಪಲ್ ಬುಡದಲ್ಲಿ ಒಣಗಿದ ಬಿಳಿ ಪೇಸ್ಟನ್ನು ಕೆದಕಿ ತೆಗೆಯಲೇಬೇಕು. ನನ್ನ ಗಾಡಿಯಲ್ಲಿ ಮೊದಲ ತುಕ್ಕು ಕಂಡದ್ದು ಸರಿಯಾಗಿ ಅಲ್ಲಿಯೇ. ಆಮೇಲೆ ಕಾರಿಗೆ ಹಚ್ಚುವ ಕಾರ್ನೌಬಾ ಮೇಣ. ಮಬ್ಬಾಗಿ ಒಣಗಿದ ಮೇಲೆ ಪಂಚೆಯ ತುಂಡಿನಿಂದ ಒರೆಸುವುದು. ನೀರು ಹನಿಸಿದರೆ ಕೆಸುವಿನೆಲೆಯ ಮೇಲಿನಂತೆ ಗುಂಡಾಗಿ ಉರುಳುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮೇಣ ಮಾತ್ರ. ತೆಂಗಿನೆಣ್ಣೆಯನ್ನೂ ಹಚ್ಚಿ ನೋಡಿದ್ದೆ. ಅದು ದಾರಿಯ ಧೂಳನ್ನೆಲ್ಲ ಕರೆದು ಅಂಟಿಸಿಕೊಳ್ಳುತ್ತದೆ.

ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚಕ್ರಕ್ಕೆ ಬಟ್ಟೆ ಹಿಡಿಯುವವರಿದ್ದಾರೆ. ದಯವಿಟ್ಟು ಬೇಡ, ಬಟ್ಟೆಯ ಜೊತೆ ಬೆರಳೂ ಸಿಕ್ಕಿಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್‌ಗೆ ಮೇಣ ಸೋಕಲೇಬಾರದು. ಬಣ್ಣ ಬಳಿದ ಅಲಾಯ್ ಚಕ್ರಕ್ಕೆ ಈ ಪೇಸ್ಟ್ ಹೇಳಿಸಿದ್ದಲ್ಲ.

ಹೊಳಪಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ರಕ್ಷಣೆಗೆ ಒಂದು. ಎರಡನೆಯ ಟ್ಯೂಬ್ ಇನ್ನೂ ಅರ್ಧ ಉಳಿದಿದೆ; ಕೋಪದಲ್ಲಿ ಎಸೆಯಬೇಕೆಂದಿದ್ದವನು ಈಗ ಮುಚ್ಚಳ ಬಿಗಿಮಾಡಿ ಇಡುತ್ತೇನೆ. ಈ ಮಳೆಗಾಲ ಮುಗಿದಾಗ ಹಿಂದಿನ ಚಕ್ರದಲ್ಲಿ ನಾಲ್ಕು ಚುಕ್ಕೆಗಳಿದ್ದವು, ಮುಂದಿನದರಲ್ಲಿ ಒಂದೂ ಇರಲಿಲ್ಲ.