ಸೂಪರ್ ಮಾರ್ಕೆಟ್ ಕಡೆಯ ಲಿನಕ್ಸ್ ಸರ್ವಿಸ್: ಕೈಕೆಲಸ ಚಲೋ, ಕೊನೆಯ ಹೆಜ್ಜೆ ಬಾಕಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಈ ಕಂಪ್ಯೂಟರ್ ಅಂಗಡಿಯಲ್ಲಿ ಉಬುಂಟು (ವಿಂಡೋಸ್ ತರಹದ ಆಪರೇಟಿಂಗ್ ಸಿಸ್ಟಮ್ ಲಿನಕ್ಸಿನ ಒಂದು ಬಗೆ) ಸೆಕ್ಯುರಿಟಿ ಅಪ್‌ಡೇಟಿಗೆ 300 ರೂಪಾಯಿ. ಹುಡುಗರಿಗೆ ವಿಷಯ ಗೊತ್ತು. ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಮೂಡಿಸುವ ಚಿಪ್ ನಡೆಸುವ ತಂತ್ರಾಂಶ) ಓಡುವುದು ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಳಗೇ. ಅಲ್ಲಿ ತೂತಿದ್ದರೆ ಸಾಧಾರಣ ಖಾತೆಯಿಂದಲೇ ರೂಟ್ ಹಕ್ಕು, ಅಂದರೆ ಇಡೀ ಯಂತ್ರದ ಹಿಡಿತ, ಕೈಗೆ ಸಿಗಬಹುದು. 2022ರಲ್ಲಿ ಬಯಲಾದ ಇಂಟೆಲ್ ಐ915 ಡ್ರೈವರಿನ ದೋಷವನ್ನೇ ನೋಡಿ: ಮೆಮೊರಿ ಪುಟ ವಾಪಸ್ ಕೊಡುವ ಮುನ್ನ ಜಿಪಿಯುವಿನ (ಗ್ರಾಫಿಕ್ಸ್ ಚಿಪ್ಪಿನ) ಟಿಎಲ್‌ಬಿ, ಅಂದರೆ ಪುಟಗಳ ವಿಳಾಸ ನೆನಪಿಡುವ ಪಟ್ಟಿ, ಖಾಲಿ ಮಾಡುತ್ತಿರಲಿಲ್ಲ. ಬೇರೆಯವರ ಪಾಲಾದ ಪುಟಕ್ಕೂ ಜಿಪಿಯು ಕೈಹಾಕಬಹುದಿತ್ತು.

ಎಡವುವುದು ಎಲ್ಲಿ? ಪ್ಯಾಕೇಜ್ ಹಾಕಿದ ಕೂಡಲೇ "ಅಪ್‌ಡೇಟ್ ಆಗ್ಯಾದ್ರಿ, ಒಯ್ರಿ" ಅಂದುಬಿಡುತ್ತಾರೆ. ರೀಸ್ಟಾರ್ಟ್ ಆಗುವ ತನಕ ಓಡುತ್ತಿರುವುದು ಹಳೇ ಕರ್ನಲ್ಲೇ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ತೆಗೆದರೆ ಆಗದು. ಕೌಂಟರಿನಲ್ಲೇ ರೀಸ್ಟಾರ್ಟ್ ಮಾಡಿಸಿ, ಟರ್ಮಿನಲ್ಲಿನಲ್ಲಿ (ಆಜ್ಞೆ ಬರೆಯುವ ಕಿಟಕಿ) ಓಡುತ್ತಿರುವ ಕರ್ನಲ್ ಯಾವುದೆಂದು ತೋರಿಸುವ ‘ಯುನೇಮ್ -ಆರ್’ (uname -r) ಹೊಡೆದು, ಈಗ ಹಾಕಿದ ಆವೃತ್ತಿಯ ಸಂಖ್ಯೆಯೇ ಬಂತೇ ನೋಡಿಕೊಳ್ಳಿ.

ಎನ್ವಿಡಿಯಾ ಕಾರ್ಡಿದ್ದರೆ ಇನ್ನೊಂದು ತಾಪತ್ರಯ. ಹೊಸ ಕರ್ನಲ್ಲಿಗೆ ಡ್ರೈವರನ್ನು ಮತ್ತೆ ಕಟ್ಟಿಕೊಡುವ ಡಿಕೆಎಂಎಸ್‌ಗೆ ಆ ಕರ್ನಲ್ಲಿನ ಹೆಡರ್ ಪ್ಯಾಕೇಜ್ (ಕಟ್ಟಲು ಬೇಕಾದ ಕಡತಗಳು) ಬೇಕು, ಇಲ್ಲದಿದ್ದರೆ ಮಾಡ್ಯೂಲ್ (ಕರ್ನಲ್ಲಿಗೆ ಸೇರುವ ಡ್ರೈವರ್ ತುಂಡು) ತಯಾರಾಗದು. ಸೆಕ್ಯೂರ್ ಬೂಟ್ (ನಂಬಿಕೆಯ ಡಿಜಿಟಲ್ ಸಹಿ ಇರುವ ತಂತ್ರಾಂಶವನ್ನಷ್ಟೇ ಬಿಡುವ ಕಾವಲು) ಇದ್ದಲ್ಲಿ ಸಹಿಯಿಲ್ಲದ ಮಾಡ್ಯೂಲ್ ಲೋಡೇ ಆಗುವುದಿಲ್ಲ. ಆಗ ರೀಸ್ಟಾರ್ಟಿನ ನೀಲಿ ಪರದೆಯಲ್ಲಿ ‘ಎನ್‌ರೋಲ್ ಮೋಕ್’ (ಮೋಕ್ ಅಂದರೆ ಯಂತ್ರದ ಮಾಲೀಕರ ಸ್ವಂತ ಸಹಿ-ಕೀಲಿ) ಆರಿಸಿ, ಇನ್‌ಸ್ಟಾಲ್ ವೇಳೆ ಇಟ್ಟ ಪಾಸ್‌ವರ್ಡ್ ಕೊಡಬೇಕು. ಇವರು ಅದರ ಬದಲು ಸೆಕ್ಯೂರ್ ಬೂಟನ್ನೇ ಆಫ್ ಮಾಡುತ್ತಾರೆ. ಆಫ್ ಮಾಡುವುದು ಬೇಡ ಅನ್ನಿ, ಮೋಕ್ ದಾರಿಯನ್ನೂ ಮಾಡಿಕೊಡುತ್ತಾರೆ.

ಸೆಕೆಂಡ್ ಹ್ಯಾಂಡ್ ಎನ್ವಿಡಿಯಾ ಜಿಟಿ 610 ಗ್ರಾಫಿಕ್ಸ್ ಕಾರ್ಡುಗಳೂ ಅಲ್ಲಿವೆ. ಅವುಗಳ 390 ಸರಣಿಯ ಡ್ರೈವರಿಗೆ ಎನ್ವಿಡಿಯಾ ಬೆಂಬಲ 2022ಕ್ಕೇ ಮುಗಿದಿದೆ, ಅಗ್ಗವಾದರೂ ಕೊಳ್ಳಬೇಡಿ.