ಸರ್ ಬೆಳಗಿನ ಜಾವ 4:10ಕ್ಕೆ ಸಹಿ ಹಾಕಿದರಂತೆ: ಪವರ್ ಆಟೋಮೇಟ್ ಜೊತೆ ಎರಡು ವರ್ಷ

ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ನಾನು ಕ್ವಾಲಿಟಿ ಡಾಕ್ಯುಮೆಂಟ್ ನೋಡಿಕೊಳ್ಳುವವಳು. ಡ್ರಾಯಿಂಗ್, ಕಂಟ್ರೋಲ್ ಪ್ಲಾನ್, ವರ್ಕ್ ಇನ್‌ಸ್ಟ್ರಕ್ಷನ್, ಇವಕ್ಕೆ ಸಹಿ ಹಾಕಿಸುವುದೇ ಅರ್ಧ ಕೆಲಸ. ಐಎಸ್‌ಓ 9001 ಗುಣಮಟ್ಟದ ಸರ್ಟಿಫಿಕೇಟ್ ಇರುವ ಕಡೆ ದುಡಿದವರಿಗೆ ಈ ಪಾಡು ಗೊತ್ತು. ಮೊದಲೆಲ್ಲ ಆಫೀಸ್ ಬಾಯ್ ಫೈಲ್ ಹಿಡಿದು ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ಓಡಾಡುತ್ತಿದ್ದ. ಸಹಿ ಬಿದ್ದ ಮೇಲೆ ನಾನು 'ಕಂಟ್ರೋಲ್ಡ್ ಕಾಪಿ' ಅಂತ ಕೆಂಪು ಸೀಲ್ ಹೊಡೆಯುತ್ತಿದ್ದೆ. ಎರಡು ವರ್ಷದಿಂದ ಆ ಓಡಾಟ ಶೇರ್‌ಪಾಯಿಂಟ್ ಮತ್ತು ಪವರ್ ಆಟೋಮೇಟ್ ಪಾಲಾಗಿದೆ. ಎರಡೂ ಮೈಕ್ರೋಸಾಫ್ಟ್‌ನವು: ಮೊದಲನೆಯದು ಫೈಲ್‌ಗಳನ್ನು 'ಲೈಬ್ರರಿ'ಗಳಲ್ಲಿ ಇಡುವ ಜಾಗ, ಎರಡನೆಯದು ಒಂದರ ಹಿಂದೆ ಒಂದು ಹಂತವನ್ನು ತಾನಾಗಿ ಮಾಡಿಸುವ ಸಾಫ್ಟ್‌ವೇರ್. ಆ ಹಂತಗಳ ಸಾಲಿಗೇ 'ಫ್ಲೋ' ಅನ್ನುತ್ತಾರೆ.

ನಾನು ಐಟಿಯವಳಲ್ಲ. ಆದರೂ ಫ್ಲೋ ಎಲ್ಲೋ ಸಿಕ್ಕಿಹಾಕಿಕೊಂಡರೆ ಎಲ್ಲರೂ ಬರುವುದು ನನ್ನ ಟೇಬಲ್ಲಿಗೇ. ಹಾಗಾಗಿ ಇದು ದಿನಾ ಬಳಸುವವಳ ಅನುಭವ ಅಂತ ಓದಿಕೊಳ್ಳಿ. ಇಲ್ಲಿ ಹೇಳುವ ಎಡವಟ್ಟುಗಳಲ್ಲಿ ಹೆಚ್ಚಿನವು ನಾವೇ ಮಾಡಿಕೊಂಡದ್ದು. ಸಾಫ್ಟ್‌ವೇರ್ ಹೇಳಿದಷ್ಟೇ ಮಾಡಿತು, ಅಷ್ಟೇ.

ಮೊದಲ ವಾರದ ಕಥೆ. ಲೈಬ್ರರಿಯಲ್ಲಿ ಫೈಲ್ ಸೇರಿದರೆ ಅಥವಾ ಬದಲಾದರೆ ಫ್ಲೋ ಶುರುವಾಗಬೇಕು, ಜಿಎಂ ಸರ್‌ಗೆ ಮೇಲ್ ಹೋಗಬೇಕು, ಅವರು ಒಪ್ಪಿದರೆ ಸ್ಟೇಟಸ್ ಕಾಲಂನಲ್ಲಿ 'ಅಪ್ರೂವ್ಡ್' ಅಂತ ಬೀಳಬೇಕು. ಚೆನ್ನಾಗಿದೆ ಅಲ್ವಾ? ಮಧ್ಯಾಹ್ನ ಸರ್ ಫೋನ್ ಮಾಡಿದರು. "ಏನಮ್ಮಾ, ಒಂದೇ ಫೈಲಿಗೆ ಆರು ಸಲ ಅಪ್ರೂವಲ್ ಕೊಟ್ಟಿದ್ದೀನಿ, ಇನ್ನೂ ಎಷ್ಟು ಸಲ ಕೊಡಬೇಕು?" ಫ್ಲೋ ತಾನೇ ಸ್ಟೇಟಸ್ ಬರೆಯುತ್ತದೆ. ಬರೆದ ತಕ್ಷಣ ಫೈಲ್ ಬದಲಾದ ಲೆಕ್ಕ. ಬದಲಾಯಿತು ಅಂತ ಫ್ಲೋ ಮತ್ತೆ ಶುರು. ಗಾಣದೆತ್ತಿನ ಹಾಗೆ. ಇದಕ್ಕೆ ಟ್ರಿಗರ್ (ಫ್ಲೋ ಶುರು ಮಾಡುವ ಹಂತ) ಸೆಟ್ಟಿಂಗ್ಸ್ ಒಳಗೆ 'ಟ್ರಿಗರ್ ಕಂಡೀಷನ್' ಅಂತ ಒಂದು ಜಾಗವಿದೆ. ಸ್ಟೇಟಸ್ 'ಸಬ್ಮಿಟೆಡ್' ಅಂತ ಇದ್ದರೆ ಮಾತ್ರ ಶುರುವಾಗು ಎಂದು ಅಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಬರೆಯುವ ರೀತಿ ಮಾತ್ರ ನಮ್ಮಂಥವರಿಗೆ ಅಲ್ಲ. ಒಂದು ಬ್ರಾಕೆಟ್ ಬಿಟ್ಟರೂ ಒಪ್ಪುವುದಿಲ್ಲ. ಐಟಿ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆದೆ.

ಅದು ನಗುವ ವಿಷಯ. ಇನ್ನೊಂದು ನಗುವ ವಿಷಯ ಅಲ್ಲ.

ಒಂದು ಕಂಟ್ರೋಲ್ ಪ್ಲಾನ್‌ನಲ್ಲಿ ಹತ್ತು ಪೀಸಿಗೆ ಒಂದು ಅಳೆಯುವುದು ಅಂತ ಇತ್ತು. ಅದನ್ನು ಐದು ಪೀಸಿಗೆ ಒಂದು ಅಂತ ಮಾಡಿದೆವು. ಅಪ್ರೂವಲ್ ಬಂತು, ಫ್ಲೋದಲ್ಲಿ ಎಲ್ಲ ಹಂತಕ್ಕೂ ಹಸಿರು ಟಿಕ್. ನಾನು ನೆಮ್ಮದಿಯಾಗಿ ಮನೆಗೆ ಹೋದೆ. ಮೂರು ದಿನ ಬಿಟ್ಟು ಶಾಪ್ ಫ್ಲೋರ್‌ಗೆ ಹೋದರೆ ಆಪರೇಟರ್ ಇನ್ನೂ ಹತ್ತಕ್ಕೊಂದೇ ಅಳೆಯುತ್ತಿದ್ದಾನೆ. "ಯಾಕಪ್ಪಾ?" ಅಂದೆ. ಲೈನ್ ಪಕ್ಕದ ಕಂಪ್ಯೂಟರ್‌ನಲ್ಲಿ ಫೈಲ್ ತೆಗೆದು ತೋರಿಸಿದ. "ನೋಡಿ ಮೇಡಂ, ರಿವಿಷನ್ ಮೂರೇ ಇದೆ." ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಫೈಲ್, ಅದೇ ಲಿಂಕ್, ರಿವಿಷನ್ ನಾಲ್ಕು! ಒಂದು ನಿಮಿಷ ತಲೆ ಗಿರ್ ಅಂತು.

ಆಗಿದ್ದು ಇಷ್ಟು. ಶೇರ್‌ಪಾಯಿಂಟ್ ಲೈಬ್ರರಿಗೇ ತನ್ನದೊಂದು 'ಕಂಟೆಂಟ್ ಅಪ್ರೂವಲ್' ಸೆಟ್ಟಿಂಗ್ ಇದೆ. ಹಳೆ ಕಾಲದಲ್ಲಿ ಯಾರೋ ಅದನ್ನು ಆನ್ ಮಾಡಿಟ್ಟಿದ್ದರು. ಅದು ಆನ್ ಇದ್ದರೆ ಹೊಸ ಫೈಲ್ ಆಗಲಿ, ಬದಲಾದ ಫೈಲ್ ಆಗಲಿ 'ಪೆಂಡಿಂಗ್' ಅಂತ ಕೂರುತ್ತದೆ. ನಮ್ಮ ಸೆಟ್ಟಿಂಗ್ ಪ್ರಕಾರ ಅದು ಕಾಣುವುದು ಬರೆದವರಿಗೆ ಮತ್ತು ಒಪ್ಪಿಗೆ ಕೊಡುವ ಅಧಿಕಾರ ಇದ್ದವರಿಗೆ ಮಾತ್ರ. ಉಳಿದವರಿಗೆ ಹಿಂದೆ ಒಪ್ಪಿದ ಆವೃತ್ತಿಯೇ ಕಾಣುತ್ತದೆ. ಫ್ಲೋ ಬರೆದದ್ದು ನಾವು ಮಾಡಿಕೊಂಡ ಕಾಲಂನಲ್ಲಿ. ಲೈಬ್ರರಿಯ ಒಳಗಿನ ಸ್ಟೇಟಸ್ ಮುಟ್ಟಿರಲೇ ಇಲ್ಲ. ಒಂದು ಬಾಗಿಲಿಗೆ ಎರಡು ಬೀಗ, ತೆಗೆದದ್ದು ಒಂದನ್ನು. 'ಸೆಟ್ ಕಂಟೆಂಟ್ ಅಪ್ರೂವಲ್ ಸ್ಟೇಟಸ್' ಅನ್ನುವ ಒಂದು ಹಂತ ಸೇರಿಸಿದ ಮೇಲೆ ಸರಿಹೋಯಿತು. ಪುಣ್ಯಕ್ಕೆ ಆ ಮೂರು ದಿನದ ಪೀಸುಗಳೆಲ್ಲ ಅಳತೆಯಲ್ಲೇ ಇದ್ದವು. ಅವತ್ತಿನಿಂದ ಹಸಿರು ಟಿಕ್ ನೋಡಿ ನಾನು ನಂಬುವುದಿಲ್ಲ. ಆಪರೇಟರ್ ಲಾಗಿನ್‌ನಲ್ಲಿ ತೆಗೆದು ನೋಡುತ್ತೇನೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅಂದರೆ ರನ್ ಹಿಸ್ಟರಿ. ಫ್ಲೋ ಯಾವಾಗ ಓಡಿತು, ಯಾವ ಹಂತದಲ್ಲಿ ನಿಂತಿತು, ಎಲ್ಲ ಸಾಲಾಗಿ ಕಾಣುತ್ತದೆ. ಕೆಂಪು ಗುರುತಿನ ಹಂತ ಒತ್ತಿದರೆ ಕಾರಣ ಸಿಗುತ್ತದೆ. ಸೂಪರ್‌ವೈಸರ್ ಎಕ್ಸೆಲ್ ಫೈಲ್ ತೆರೆದಿಟ್ಟು ಊಟಕ್ಕೆ ಹೋದರೆ 'ಫೈಲ್ ಲಾಕ್ ಆಗಿದೆ' ಅಂತ ಬಿದ್ದಿರುತ್ತದೆ. ಅಪ್ರೂವರ್ ಕಾಲಂ ಖಾಲಿ ಬಿಟ್ಟಿದ್ದರೆ ಅದೂ ಗೊತ್ತಾಗುತ್ತದೆ. ಆಫೀಸ್ ಬಾಯ್ ಇಷ್ಟು ಲೆಕ್ಕ ಯಾವತ್ತೂ ಕೊಟ್ಟಿರಲಿಲ್ಲ. ಆದರೆ ಈ ಹಿಸ್ಟರಿ ಉಳಿಯುವುದು 28 ದಿನ ಮಾತ್ರ. ಆಡಿಟ್‌ಗೆ ದಾಖಲೆ ಬೇಕಾದರೆ ಯಾರು, ಯಾವಾಗ ಒಪ್ಪಿದರು ಅನ್ನುವುದನ್ನು ಬೇರೆ ಲಿಸ್ಟಿನಲ್ಲಿ ಬರೆಸಿಕೊಳ್ಳಬೇಕು.

ಹಾಗೆ ಬರೆಸಿಕೊಂಡೇ ಒಂದು ಸಲ ಮರ್ಯಾದೆ ಹೋಯಿತು. ಆಡಿಟರ್ ಲಿಸ್ಟ್ ನೋಡುತ್ತಾ, "ನಿಮ್ಮ ಜಿಎಂ ಬೆಳಗಿನ ಜಾವ 4:10ಕ್ಕೆ ಡ್ರಾಯಿಂಗ್ ಅಪ್ರೂವ್ ಮಾಡ್ತಾರಾ?" ಅಂದರು. ಸರ್ ಒಪ್ಪಿದ್ದು 9:40ಕ್ಕೆ, ಕಾಫಿ ಕುಡಿಯುತ್ತಾ. ಫ್ಲೋ ಸಮಯ ಹಿಡಿಯುವುದು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ನಾವು ಅದನ್ನು ಬರೀ ಟೆಕ್ಸ್ಟ್ ಮಾಡಿ, ನಮ್ಮ ಸಮಯಕ್ಕೆ ಬದಲಿಸದೆ ಹಾಗೇ ಬರೆಸಿದ್ದೆವು. 'ಕನ್ವರ್ಟ್ ಟೈಮ್ ಝೋನ್' ಹಾಕಿದರೆ ಸಾಕಿತ್ತು.

ಜಾಸ್ತಿ ದಿನ ಕಾಡಿದ್ದು ಬೇರೆ. ಫ್ಲೋ ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟ. ಅವನ ಅಕೌಂಟ್ ಮುಚ್ಚಿದರು. ಕನೆಕ್ಷನ್‌ಗಳೆಲ್ಲ (ಫ್ಲೋ ಯಾರ ಲಾಗಿನ್‌ನಲ್ಲಿ ಫೈಲ್, ಮೇಲ್ ಮುಟ್ಟುತ್ತದೋ ಅದು) ಅವನ ಹೆಸರಿನಲ್ಲೇ ಇದ್ದವು, ಹಾಗಾಗಿ ಫ್ಲೋ ಸೋಲತೊಡಗಿತು. ಸೋತಾಗ ಮಾಲೀಕನಿಗೆ ಮೇಲ್ ಹೋಗುತ್ತದೆ, ಇಲ್ಲ ಅಂತಲ್ಲ. ಮಾಲೀಕ ಯಾರು? ಅದೇ ಹುಡುಗ! ಸತತವಾಗಿ 14 ದಿನ ಸೋಲುತ್ತಲೇ ಇದ್ದರೆ ಫ್ಲೋ ತಾನಾಗಿ ಆಫ್ ಆಗುತ್ತದೆ. ನಮ್ಮದೂ ಆಯಿತು. ನಾವು ಸರ್ ಬಿಝಿ ಇದ್ದಾರೆ ಅಂದುಕೊಂಡು ಸುಮ್ನೆ ಕೂತಿದ್ದೆವು. ಈಗ ಎಲ್ಲ ಕನೆಕ್ಷನ್ ಒಂದು ಕಾಮನ್ ಅಕೌಂಟಿನಲ್ಲಿದೆ, ನಾನೂ ಐಟಿ ಹುಡುಗನೂ ಕೋ-ಓನರ್‌ಗಳು. ನೀವು ಹೊಸದಾಗಿ ಶುರು ಮಾಡುತ್ತಿದ್ದರೆ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ದುಡ್ಡಿನ ಮಾತು: ನಮ್ಮ ಮೈಕ್ರೋಸಾಫ್ಟ್ 365 ಪ್ಲಾನ್‌ನಲ್ಲೇ ಇದು ಸೇರಿ ಬಂದಿದೆ, ಬೇರೆ ಕೊಟ್ಟಿಲ್ಲ. ಟೀಮ್ಸ್‌ನಲ್ಲೋ ಮೇಲ್‌ನಲ್ಲೋ ಒಂದು ಬಟನ್ ಒತ್ತಿದರೆ ಒಪ್ಪಿಗೆ, ಹಾಗಾಗಿ ಊರಲ್ಲಿಲ್ಲದ ಸರ್ ಕೂಡ ಸಿಗುತ್ತಾರೆ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಒಂದೂವರೆ ಕಡಿದದ್ದು ಅದರ ಮೌನಕ್ಕೆ. ಯಾರೂ ಉತ್ತರ ಕೊಡದಿದ್ದರೆ ಅದು 'ರನ್ನಿಂಗ್' ಅಂತಲೇ ತೋರಿಸುತ್ತಾ ಕೂತಿರುತ್ತದೆ. ಅದರ ಕಣ್ಣಿಗೆ ಅದು ತಪ್ಪೇ ಅಲ್ಲ. 30 ದಿನ ಆದರೆ ಆ ಸಲದ ಓಟ ಅಲ್ಲಿಗೇ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಕಳಿಸಬೇಕು. ಅದಕ್ಕೇ ದಿನಾ ಬೆಳಗ್ಗೆ ಬಾಕಿ ಇರುವುದರ ಪಟ್ಟಿ ನನಗೆ ಮೇಲ್ ಮಾಡುವ ಇನ್ನೊಂದು ಸಣ್ಣ ಫ್ಲೋ ಮಾಡಿಸಿಕೊಂಡಿದ್ದೇನೆ.

ಇವತ್ತಿನ ಪಟ್ಟಿಯಲ್ಲಿ ಒಂದು ವರ್ಕ್ ಇನ್‌ಸ್ಟ್ರಕ್ಷನ್ 26ನೇ ದಿನಕ್ಕೆ ಬಂದಿದೆ. ಪ್ರಿಂಟ್ ತೆಗೆದುಕೊಂಡು ಸರ್ ಕ್ಯಾಬಿನ್‌ಗೆ ಹೋಗಿಬರುತ್ತೇನೆ.