ಇಟ್ಟಿಗೆ ಗೋಡೆಗೆ ಸೈಲೇನ್-ಸೈಲಾಕ್ಸೇನ್ (ಮಳೆ ನೀರು ತಡೆಯೋ ಲಿಕ್ವಿಡ್) ಹೊಡ್ಸಿ ನಾಲ್ಕು ಮಳೆಗಾಲ ಆಯ್ತು

ನಮ್ದು ಮೈಸೂರು ಕುವೆಂಪುನಗರದ ಕಡೆ ಮನೆ, ಹೊರಗಡೆ ಪ್ಲಾಸ್ಟರ್ ಇಲ್ಲ, ಬರೀ ವೈರ್‌ಕಟ್ ಇಟ್ಟಿಗೆ. ನೋಡೋರಿಗೆ ಚೆಂದ, ಒದ್ದಾಡೋದು ನಾವು. ಜೂನ್ ಸೋನೆಗೆ ನೀರು ಕುಡಿಯೋಕೆ ಶುರು ಮಾಡಿದ್ ಪಶ್ಚಿಮದ ಗೋಡೆ ಚಿತ್ತೆ ಮಳೆ ಮುಗಿದ್ರೂ ಒಣಗ್ತಿರ್ಲಿಲ್ಲ, ಕಾರ್ತಿಕದ ಚಳಿ ಬರೋಷ್ಟರಲ್ಲಿ ಆ ರೂಮು ಕೊರೀತಿತ್ತು, ಅಮ್ಮನ ಸೀರೆ ಬೀರು ಹಿಂದೆ ಪೂರ್ತಿ ಬೂಷ್ಟು.

2018ರಲ್ಲಿ ಪೇಂಟರ್ ಮಾತು ಕೇಳಿ ಫಳಫಳ ಹೊಳೆಯೋ ಕ್ಲಿಯರ್ ಕೋಟ್ ಹೊಡ್ಸಿದ್ದೆ. ಅದೇ ದೊಡ್ಡ ತಪ್ಪು. ಅದು ಇಟ್ಟಿಗೆ ಮೇಲೆ ಪ್ಲಾಸ್ಟಿಕ್ ಹಾಳೆ ತರ ಕೂರುತ್ತೆ, ಪ್ಯಾರಪೆಟ್ ತಲೆಯಿಂದ, ಬಿರುಕು ಬಿಟ್ಟ ಸಂದಿಯಿಂದ ಇಳಿದ ನೀರು ಆಚೆ ಬರೋಕೆ ದಾರಿನೇ ಇಲ್ಲ, ಎರಡನೇ ವರ್ಷಕ್ಕೆ ಸಿಪ್ಪೆ ಎದ್ದು ಒಳಗಿಂದ ಬಿಳಿ ಉಪ್ಪು ಹೊರಗೆ ಬಂತು.

ಆಮೇಲೆ 2021 ಮಾರ್ಚಲ್ಲಿ ಈ ಸೈಲೇನ್-ಸೈಲಾಕ್ಸೇನ್ ತಂದೆ. ಇದು ಪದರ ಕಟ್ಟಲ್ಲ, ಇಟ್ಟಿಗೆ ಒಳಕ್ಕೆ ಇಳಿದು ಸಣ್ಣ ಸಣ್ಣ ತೂತುಗಳ ಗೋಡೆಗೆ ಅಂಟ್ಕೊಳುತ್ತೆ, ಮಳೆ ನೀರು ಒಳಗೆ ಹೋಗಲ್ಲ ಆದ್ರೆ ಒಳಗಿನ ತೇವ ಆವಿಯಾಗಿ ಆಚೆ ಹೋಗುತ್ತೆ. ಹೊಡಿಯೋದು ಒಂದು ದಿನದ ಕೆಲಸ, ಅದಕ್ಕೆ ಮುಂಚಿನ ಚಾಕರಿ ಒಂದೂವರೆ ತಿಂಗಳು! ಹಳೇ ಕೋಟ್ ಪೂರ್ತಿ ತೆಗೀಬೇಕು, ಇಲ್ಲಾಂದ್ರೆ ಇದು ಇಳಿಯಲ್ಲ. ಬಿಳಿ ಉಪ್ಪನ್ನ ಒಣ ಬ್ರಷ್ಷಲ್ಲೇ ಉಜ್ಜಬೇಕು, ನೀರು ಹಾಕಿದ್ರೆ ಕರಗಿ ವಾಪಸ್ ಒಳಕ್ಕೇ ಹೋಗುತ್ತೆ. ಮೇಸ್ತ್ರಿ ಕೈಲಿ ಉದುರಿದ ಸಂದಿನೆಲ್ಲ ಕೆರೆಸಿ, ಹೊಸ ಗಾರೆ ತುಂಬಿಸಿ ಪಾಯಿಂಟಿಂಗ್ ಮಾಡ್ಸಿ ನಾಲ್ಕು ವಾರ ಬಿಟ್ಟೆ. ನನ್ನ ಕೇಳಿದ್ರೆ ಅರ್ಧ ಗುಣ ಕಂಡಿದ್ದು ಆ ಪಾಯಿಂಟಿಂಗಿಂದ್ಲೇ, ಯಾಕಂದ್ರೆ ಬಿರುಕನ್ನ ಈ ಲಿಕ್ವಿಡ್ ಮುಚ್ಚಲ್ಲ. 300 ಚದರಡಿಗೆ ಹಸಿ ಇರುವಾಗ್ಲೇ ಎರಡನೇ ಕೈ ಹೊಡೆದು 10 ಲೀಟರ್ ಖಾಲಿ, ಡಬ್ಬಿ ಮೇಲಿನ ಲೆಕ್ಕ ನಂಬಬೇಡಿ. ಕಿಟಕಿ ಗಾಜು ಮುಚ್ಚಿ, ನಾನು ಒಂದು ಮರೆತು ಇವತ್ತಿಗೂ ಅದರ ಮೇಲೆ ಮಬ್ಬು ಮಬ್ಬು ಕಲೆ ಇದೆ.

ಸರಿ, ಫಲಿತಾಂಶಕ್ಕೆ ಬರ್ತೀನಿ. 2021ರ ನವೆಂಬರ್ ಮಳೆ, 2022ರ ಅಕ್ಟೋಬರ್ ಮಳೆ ಮೈಸೂರು ಮಂಡ್ಯದವ್ರು ಮರೆತಿರಲ್ಲ, ಎರಡರಲ್ಲೂ ಪಶ್ಚಿಮದ ರೂಮು ಒಣಾ ಒಣ. 2023 ಬರಗಾಲ, ಲೆಕ್ಕಕ್ಕೆ ಹಿಡೀಬೇಡಿ. 2024ರಲ್ಲಿ ಗೋಡೆ ಮೇಲೆ ಬಿದ್ದ ನೀರು ಮುತ್ತಿನ ತರ ಉರುಳೋದು ನಿಂತೋಯ್ತು, ದುಡ್ಡೆಲ್ಲ ಹೋಯ್ತು ಅಂದ್ಕೊಂಡೆ, ಆದ್ರೆ ಅದು ಬಿಸಿಲಿಗೆ ಮೇಲ್ಮೈ ಮಾತ್ರ ಸವೆಯೋದಂತೆ. ಚೊಂಬಲ್ಲಿ ನೀರು ಎರಚಿ ನೋಡ್ದೆ, ಇಟ್ಟಿಗೆ ಬಣ್ಣ ಕಪ್ಪಾಗ್ಲಿಲ್ಲ, ಅಂದ್ರೆ ಇನ್ನೂ ಕುಡೀತಿಲ್ಲ.

ಗುಣವಾಗದೇ ಇರೋದು ಬುನಾದಿ ಹತ್ರದ ಎರಡಡಿ. ಅಲ್ಲಿ ನೆಲದಿಂದ್ಲೇ ತೇವ ಹತ್ತುತ್ತೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ವಿದೇಶದವ್ರು ಚಳಿಗಾಲಕ್ಕೆ ಮುಂಚೆ ಹೊಡೀರಿ ಅನ್ನೋದು ಇಟ್ಟಿಗೆ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಇಟ್ಟಿಗೆ ಮುಖಾನೇ ಕಿತ್ತು ಬರುತ್ತೆ ಅಂತ. ನಮಗೆ ಆ ಭಯ ಇಲ್ಲ, ಗೋಡೆ ಕಾದು ಒಣಗಿರೋ ಫೆಬ್ರವರಿ ಮಾರ್ಚೇ ಸರಿ. ದುಡ್ಡು ಉಳಿಸೋಣ ಅಂತ ಪೂರ್ವದ ಗೋಡೆ ಬಿಟ್ಟಿದ್ದೆ, ಅಕ್ಟೋಬರಲ್ಲಿ ಸೈಕ್ಲೋನ್ ಮಳೆ ಹೊಡೆಯೋದು ಆ ಕಡೆಯಿಂದ್ಲೇ. ಈಗ ಬೂಷ್ಟು ದೇವರಮನೆಗೆ ಬಂದಿದೆ, ಅಮ್ಮ ದಿನಾ ಬೈತಾರೆ. ಐದಕ್ಕೆ ನಾಲ್ಕು ಸ್ಟಾರ್.